ಗೇಮಣ್ಣ

ದೇವಲಾಪುರದಂಥ ಹೋಬಳಿ ಊರಿನಲ್ಲಿ ವಿಡಿಯೋ ಗೇಮಿಗೆಂದೇ ಅಂಗಡಿ ಇಡುವ ಧೈರ್ಯ ಯಾರಿಗೆ ಬಂದೀತು? ಮೊಬೈಲ್ ಅಂಗಡಿಯಲ್ಲೇ ಕವರು, ಚಾರ್ಜರುಗಳ ನಡುವೆ ಟಿವಿಗೆ ಸಿಕ್ಕಿಸುವ ಒಂದೆರಡು ಗೇಮ್ ಸೆಟ್ಟು ನೇತಾಡುತ್ತಿರಬೇಕು. ಅವುಗಳ ಕೆಳಗೆ ಬಂದು ನಿಲ್ಲುವವನೇ ಗೇಮಣ್ಣ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಎಲ್ಲಿಗೆ ಹೋದರೂ ಇವನೊಬ್ಬ ಇದ್ದೇ ಇರುತ್ತಾನೆ. ಹೆಸರು ಬೇರೆ, ಹೆಗಲ ಮೇಲಿನ ಟವಲು ಬೇರೆ, ಅಷ್ಟೆ.

ಗೇಮಣ್ಣ ಒಂದು ಗೇಮನ್ನೂ ಆಡಿದವನಲ್ಲ. ಆದರೆ ಏನೂ ಗೊತ್ತಿಲ್ಲದೆ ಅಂಗಡಿ ಮೆಟ್ಟಿಲು ಹತ್ತಿದವನಿಗೆ ಟೋಪಿ ಗ್ಯಾರಂಟಿ ಎಂಬುದು ಅವನ ಸಿದ್ಧಾಂತ. ಹಾಗಾಗಿ ಟೀ ಅಂಗಡಿ, ಹಾಲಿನ ಡೈರಿ, ಕಟಿಂಗ್ ಶಾಪು ಎಲ್ಲ ಕಡೆ ವಿಚಾರಿಸಿಕೊಂಡೇ ಬರುತ್ತಾನೆ. ಅಂಗಡಿ ಹುಡುಗ ಹೇಳುವುದು ವ್ಯಾಪಾರಕ್ಕೆ, ಆದ್ದರಿಂದ ಸುಳ್ಳು. ಡೈರಿಯಲ್ಲಿ ಕೇಳಿದ್ದು ಪುಕ್ಕಟೆ, ಆದ್ದರಿಂದ ಸತ್ಯ.

"ಮಗನ ಫೋನಲ್ಲಿ ಪಬ್‌ಜಿ ಐತೆ ಕಣ್ಲಾ. ಪೊಲೀಸ್ನೋರು ಎತ್ತಾಕೊಂಡು ಹೋಯ್ತಾರಂತೆ?"

ಹುಡುಗ ಸಮಾಧಾನದಿಂದ ಬಿಡಿಸಿ ಹೇಳುತ್ತಾನೆ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ನಿಷೇಧಿಸಿದ್ದು ನಿಜ. 2021ರಲ್ಲಿ ಬಿಜಿಎಂಐ ಅಂತ ಹೆಸರು ಬದಲಾಯಿಸಿಕೊಂಡು ಬಂತು. 2022ರಲ್ಲಿ ಅದೂ ಮಾಯವಾಗಿ, 2023ರಲ್ಲಿ ವಾಪಸ್ಸಾಯಿತು.

ಗೇಮಣ್ಣ ತಲೆದೂಗುತ್ತಾನೆ. "ಅಂಗಾದ್ರೆ ಬೇಲ್ ಸಿಕ್ಕೈತೆ ಅನ್ನು."

ಆಮೇಲೆ ಚೀಲದಿಂದ ಪ್ಲಾಸ್ಟಿಕ್ ಬಂದೂಕು ಹೊರಬರುತ್ತದೆ. ಡಕ್ ಹಂಟ್ ಆಟದ್ದು. ಮನೆಗೆ ಹೊಸ ಎಲ್‌ಇಡಿ ಟಿವಿ ಬಂದಾಗಿನಿಂದ ಒಂದು ಬಾತುಕೋಳಿಯೂ ಬಿದ್ದಿಲ್ಲ. "ಗುಂಡು ಖಾಲಿಯಾಗಿರ್ಬೇಕು. ರೀಚಾರ್ಜ್ ಮಾಡ್ಕೊಡು."

"ಅಣ್ಣಾ, ಇದ್ರಿಂದ ಏನೂ ಹಾರಲ್ಲ. ಟ್ರಿಗರ್ ಒತ್ತಿದ ತಕ್ಷಣ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳೀ ಚೌಕ ಮಿಂಚ್ತದೆ. ಆ ಬೆಳಕನ್ನ ಬಂದೂಕು ನೋಡ್ತದೆ. 1984ರ ಆಟ ಇದು, ಡಬ್ಬಾ ಟಿವಿಗೇ ಅಂತ ಮಾಡಿದ್ದು. ಹೊಸ ಟಿವಿಯಲ್ಲಿ ಚಿತ್ರ ಚೂರು ತಡವಾಗಿ ಬರ್ತದೆ. ಅಷ್ಟರಲ್ಲಿ ಬಂದೂಕು ನೋಡಿ ಮುಗಿಸಿರ್ತದೆ."

ಗೇಮಣ್ಣ ಯೋಚಿಸಿ ತೀರ್ಪು ಕೊಡುತ್ತಾನೆ. "ಅದಕ್ಯಾಕೆ ಟಿವಿ ಬೈತೀಯ? ಬಾತ್ಕೋಳಿನೇ ವಸಿ ನಿಧಾನ ಮಾಡ್ಕೊಡು."

ಹುಡುಗ ಸೋತು ಕ್ಯಾಸೆಟ್ಟುಗಳ ಡಬ್ಬ ತೆರೆಯುತ್ತಾನೆ. ಒಂದರಲ್ಲಿ ನಾಲ್ಕೇ ಆಟ, ನಾಲ್ಕೂ ಬೇರೆ ಬೇರೆ. ಇನ್ನೊಂದರ ಮೇಲೆ 9999999 ಆಟ ಎಂದು ಅಚ್ಚಾಗಿದೆ. ಒಳಗಿರುವುದು ಬೆರಳೆಣಿಕೆಯ ಆಟ. ಅದೇ ಮಾರಿಯೋ, ಅದೇ ಕಾಂಟ್ರಾ ಹಂತ ಬದಲಿಸಿ, ಹೆಸರು ತಿದ್ದಿ ಮತ್ತೆ ಮತ್ತೆ ಹಾಜರಾಗುತ್ತವೆ. ಹುಡುಗ ಈ ಗುಟ್ಟನ್ನೂ ಬಿಟ್ಟುಕೊಡುತ್ತಾನೆ. ಕೆಟ್ಟದ್ದೇ ಅಲ್ಲಿ. ತನ್ನ ಮಾಲನ್ನು ತಾನೇ ಹಳಿಯುವ ವ್ಯಾಪಾರಿಯನ್ನು ಗೇಮಣ್ಣ ಹೇಗೆ ನಂಬಿಯಾನು? ಒಳ್ಳೇ ಮಾಲನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದಾನೆ, ಕಳ್ಳ!

"ದಿನಕ್ಕೊಂದು ಆಡಿದ್ರೂ 27,000 ವರ್ಷ ಬೇಕಣ್ಣಾ. ಅಷ್ಟು ಆಟ ಇರೋಕಾಯ್ತದಾ?"

"ಇರ್ಲಿ ಬುಡು, ಮೊಮ್ಮಕ್ಕಳೂ ಆಡ್ಕತಾರೆ."

ನೋಟು ಎಣಿಸಿ ಕೊಡುವ ಮುನ್ನ ಗೇಮಣ್ಣ ಕ್ಯಾಸೆಟ್ಟನ್ನು ಕಣ್ಣ ಹತ್ತಿರ ಹಿಡಿದು, ಅಂಕಿಗಳ ಮೇಲೆ ಬೆರಳಿಟ್ಟು ಎಡದಿಂದ ಬಲಕ್ಕೆ ಎಣಿಸಿದ. ಮುಖ ಅರಳಿತು. ಸಿಕ್ಕೇಬಿಟ್ಟಿತು ಮೋಸ.

"ಏನ್ಲಾ ಇದು, ಕೋಟಿಗೆ ಒಂದು ಕಮ್ಮಿ ಐತೆ! ಅದೊಂದು ಹಾಕ್ಕೊಡು, ಇಲ್ಲಾಂದ್ರೆ ಐವತ್ತು ರೂಪಾಯಿ ಇಳಿಸು."

ಹುಡುಗ ಐವತ್ತು ಇಳಿಸಿದ.