ಜಿಆರ್‌ಇ ಅಳಿಯ

ಎಂ.ಎಸ್. ಮಾಡಲು ಅಮೆರಿಕಕ್ಕೆ ಹೊರಟ ಹುಡುಗನನ್ನು ಗುರುತಿಸುವುದು ಸುಲಭ. ಮಳೆ ನಿಂತರೆ ‘ಅಬೇಟ್ ಆಯ್ತು’ ಅನ್ನುತ್ತಾನೆ. ಎ, ಬಿ, ಸಿ ಅಕ್ಷರದ ಪದಗಳಲ್ಲಿ ಮಹಾಪಂಡಿತ. ಎಂ ದಾಟಿದರೆ ನಮ್ಮ ನಿಮ್ಮ ಹಾಗೆಯೇ. ಜಿಆರ್‌ಇ ಪರೀಕ್ಷೆಗೆಂದು ಬ್ಯಾರನ್ಸ್ ಪುಸ್ತಕದ 3,500 ಪದಗಳ ಪಟ್ಟಿಯನ್ನು ಪ್ರತಿ ಸೋಮವಾರ ಮೊದಲಿಂದ ಶುರುಮಾಡಿದ್ದರ ಫಲ.

ಇಂಥವನೊಬ್ಬ, ನನ್ನ ಅಕ್ಕನ ಮಗ, ತುಮಕೂರಿನಿಂದ ಬಂದು ಎಂಟು ತಿಂಗಳು ನಮ್ಮ ಮನೆಯಲ್ಲಿದ್ದ. ಫ್ರಿಜ್ಜು, ಕನ್ನಡಿ, ಅಕ್ಕಿ ಡಬ್ಬ, ಎಲ್ಲೆಲ್ಲೂ ಹಳದಿ ಚೀಟಿ. ನೆನಪಿಗೆ ಕನ್ನಡದ ಊರುಗೋಲು ಬೇರೆ. ‘ಮೋರಿಬಂಡ್’ ಎಂದರೆ ಸಾಯುವ ಸ್ಥಿತಿ, ಮೋರಿಗೆ ಬಿದ್ದು ಬಂದವನಂತೆ. ‘ಪೆನ್ಯುರಿ’ ಎಂದರೆ ಕಡುಬಡತನ: ಪೆನ್ನಿಗೂ ಗತಿಯಿಲ್ಲ, ಪೂರಿಗೂ ಗತಿಯಿಲ್ಲ. ನಗು ಬರುತ್ತಿತ್ತು, ಸುಳ್ಳು ಹೇಳುವುದಿಲ್ಲ. ಬೆಳಿಗ್ಗೆ ಆರಕ್ಕೆ ಬಚ್ಚಲಿನ ಒಳಗಿಂದ ಕೇಳಿಸಿದರೆ ಮಾತ್ರ ಬರುತ್ತಿರಲಿಲ್ಲ.

ಒಂದು ಭಾನುವಾರ ಸೊಪ್ಪಿನವಳ ಮುಂದೆ ಪರ್ಸು ತೆಗೆದರೆ ಅದಕ್ಕೂ ಚೀಟಿ: ‘ಪಾರ್ಸಿಮೋನಿಯಸ್’.

“ಏನೋ ಇದು?”

“ಪರ್ಸಲ್ಲಿ ಮನಿ ಇದ್ರೂ ಬಿಚ್ಚದೋರು ಮಾವ. ಉದಾಹರಣೆ ಕಣ್ಮುಂದೆ ಇದ್ರೆ ಮರೆಯಲ್ಲ.”

ನನ್ನ ಹೆಂಡತಿ ಆ ಚೀಟಿ ಕೀಳಲು ಬಿಡಲಿಲ್ಲ. ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತದೆ, “ಜುಗ್ಗ ಅನ್ನೋಕೆ ಅಷ್ಟುದ್ದ ಯಾಕೋ?” ಅಂದಳು. ಅಂದಿನಿಂದ ಅಜ್ಜಿ ಮೊಮ್ಮಗನದು ಇದೇ ಆಟ. ಎಲ್ಲದಕ್ಕೂ ಹೆದರೋನು? ಪುಕ್ಕಲ. ದೊಡ್ಡವರ ಹಿಂದೆ ಹಲ್ಲು ಕಿರಿದು ಸುತ್ತೋನು? ಬಾಲಬಡುಕ. ಬಿಡುವಿಲ್ಲದೆ ಮಾತಾಡೋನು? “ನಿಮ್ಮ ಮಾವ.”

ಜುಗ್ಗತನದ ಆರೋಪವನ್ನು ಪೂರ್ತಿ ತಳ್ಳಿಹಾಕಲಾರೆ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ, ಚೌಕಾಸಿ ಮಾಡಿ, 150 ರೂಪಾಯಿಗೆ ಅವನ ಪುಸ್ತಕ ತಂದವನು ನಾನೇ. ಅದರಲ್ಲಿದ್ದ ವಿರುದ್ಧ ಪದಗಳನ್ನು ಹುಡುಗ ತಿಂಗಳಿಡೀ ಉರುಹೊಡೆದ. ಆಮೇಲೆ ಅವನ ಗೆಳೆಯನೊಬ್ಬ ಗುಟ್ಟು ಒಡೆದ: ಆ ಬಗೆಯ ಪ್ರಶ್ನೆಗಳನ್ನು 2011ರ ಆಗಸ್ಟ್‌ನಲ್ಲೇ ಕಿತ್ತುಹಾಕಿದ್ದಾರೆ, ಈಗ ವಾಕ್ಯದಲ್ಲಿ ಬಿಟ್ಟ ಸ್ಥಳ ತುಂಬುವುದು. ಅಳಿಯ ನನಗೆ ಒಂದು ಮಾತೂ ಅನ್ನಲಿಲ್ಲ. ಪರ್ಸಿನ ಚೀಟಿಗೆ ಹೊಸದಾಗಿ ಗೋಂದು ಹಚ್ಚಿದ, ಅಷ್ಟೆ.

ಪರೀಕ್ಷೆಯ ಭಾಷಾ ವಿಭಾಗದಲ್ಲಿ 170ಕ್ಕೆ 156 ಬಂತು. ಹೋದ. ಕನ್ನಡಿಯಲ್ಲಿ ಈಗ ನನ್ನ ಮುಖ ಪೂರ್ತಿ ಕಾಣುತ್ತದೆ. ಅದೇನೂ ದೊಡ್ಡ ಲಾಭವಲ್ಲ.

ಮೊನ್ನೆ ಟೆಕ್ಸಾಸ್‌ನಿಂದ ವಿಡಿಯೊ ಕಾಲ್ ಮಾಡಿದ್ದ. “ಆ ಪದಗಳನ್ನ ಇಲ್ಲಿ ಯಾರೂ ಆಡಲ್ಲ ಮಾವ. ಎಲ್ಲಾದಕ್ಕೂ ಆಸಮ್ ಅಂತಾರೆ.” ಅಮ್ಮ ಫೋನು ಕಿತ್ತುಕೊಂಡು, ಊಟಕ್ಕೇನು ಮಾಡಿಕೊಂಡೆ ಎಂದು ಕೇಳಿದಳು.

“ಮೊಸರನ್ನ ಅಜ್ಜಿ. ಹೊರಗೆ ತಿಂದ್ರೆ ಹದಿನೈದು ಡಾಲರ್!”

ಅಮ್ಮ ನನ್ನ ಕಡೆ ಒಮ್ಮೆ, ಫೋನಿನ ಕಡೆ ಒಮ್ಮೆ ನೋಡಿದಳು.

“ಪಾರ್ಸಿಮೋನಿಯಸ್ಸು,” ಅಂದಳು. “ಥೇಟ್ ಸೋದರಮಾವನೇ.”