‘ನನ್ನ ಗಂಟೆಯೇ ಬೇರೆ, ರೈಟರ್ ಗಂಟೆಯೇ ಬೇರೆ’

ತಾಲ್ಲೂಕು ಕೇಂದ್ರವೊಂದರ ಪೊಲೀಸ್ ಠಾಣೆ. ಲಾಕಪ್ಪಿನ ಎದುರು, ಸ್ಟೇಷನ್ ರೈಟರ್ ಕೂರುವ ಮೇಜಿನ ನೆತ್ತಿಯ ಮೇಲೆ ಈ ಗೋಡೆ ಗಡಿಯಾರ ತೂಗುತ್ತಿದೆ. ಗಾಜಿನ ಮೇಲೆ ‘ದಾನಿಗಳು’ ಎಂದು ಕೆಂಪಕ್ಷರ. ಮುಂದಿನ ಹೆಸರನ್ನು ಯಾರೋ ಉಗುರಿನಿಂದ ಕೆರೆದಿದ್ದಾರೆ. ಬಂಧಿತನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎನ್ನುತ್ತದೆ ಸಂವಿಧಾನದ 22ನೇ ವಿಧಿ. ಲೆಕ್ಕ ಗಂಟೆಯದಾದ ಮೇಲೆ ಮಾತಾಡಿಸಬೇಕಾದ್ದು ಗಡಿಯಾರವನ್ನೇ ತಾನೆ?

ನಾನು: ನಮಸ್ಕಾರ. ಮೊದಲು ಆ ದಾನಿಯ ವಿಷಯ ಹೇಳಿ. ಹೆಸರು ಯಾಕೆ ಅಳಿಸಿದೆ?

ಗಡಿಯಾರ: ಪಾಪ, ಕೊಟ್ಟವರೇ ಒಮ್ಮೆ ಎದುರಿನ ಬೆಂಚಿನ ಮೇಲೆ ಕೂರಬೇಕಾಯಿತು. ತಾವೇ ಕೊಟ್ಟ ಗಡಿಯಾರ ನೋಡುತ್ತಾ ಬೆಳಗಿನಿಂದ ಸಂಜೆವರೆಗೆ ಕೂತರು. ಹೋಗುವಾಗ ಕುರ್ಚಿ ಹತ್ತಿ ಕೆರೆದು ಹೋದರು.

ನಾನು: ಬಂಧಿಸಿದ್ದರಾ?

ಗಡಿಯಾರ: ಛೆ ಛೆ, ಬಂಧನ ಅನ್ನಬೇಡಿ! ‘ಸುಮ್ನೆ ವಿಚಾರಿಸೋಕೆ ಕರೆಸಿದ್ದು.’ ಇಲ್ಲಿಗೆ ಬರುವವರಲ್ಲಿ ಮೂರು ಬಗೆ. ತಾವಾಗಿ ಬಂದವರು, ಹೇಳಿ ಕಳಿಸಿದ್ದಕ್ಕೆ ಬಂದವರು, ಜೀಪಿನಲ್ಲಿ ಬಂದವರು. ರೈಟರ್ ಪೆನ್ನು ಎತ್ತುವ ತನಕ ಮೂರನೆಯವರೂ ಎರಡನೆಯವರೇ.

ನಾನು: ಅಂದರೆ ನಿಮ್ಮ 24 ಗಂಟೆ…

ಗಡಿಯಾರ: ನನ್ನದಲ್ಲ ಸ್ವಾಮಿ, ರೈಟರದ್ದು. ಮೊನ್ನೆ ಒಬ್ಬ ಹುಡುಗನನ್ನು ಕರೆತಂದರು. ಆಗ ನನ್ನಲ್ಲಿ ಬೆಳಿಗ್ಗೆ ಆರೂವರೆ. ಬಾಯಲ್ಲಿ ಪೇಸ್ಟಿನ ನೊರೆ, ಕೈಯಲ್ಲಿ ಬ್ರಷ್. ಬ್ರಷ್ ಇನ್ನೂ ಅಲ್ಲೇ ಇದೆ ನೋಡಿ, ಮುದ್ದೆಮಾಲು ಬೀರುವಿನ ಮೇಲೆ. ರಾತ್ರಿ ಬರೆದದ್ದೇನು ಗೊತ್ತಾ? ‘ಖಚಿತ ಮಾಹಿತಿ ಮೇರೆಗೆ ಸಂಜೆ 6.30ಕ್ಕೆ ಬಸ್ ನಿಲ್ದಾಣದ ಬಳಿ ಹೋಗಲಾಗಿ, ಸಮವಸ್ತ್ರದಲ್ಲಿದ್ದ ನಮ್ಮನ್ನು ಕಂಡು ಓಡಲೆತ್ನಿಸಿದವನನ್ನು ಬೆನ್ನಟ್ಟಿ ಹಿಡಿದು…’ ಹನ್ನೆರಡು ಗಂಟೆ ಎಲ್ಲಿ ಹೋಯಿತು ಅಂತ ನಾನೂ ಮುಳ್ಳು ತಿರುಗಿಸಿ ತಿರುಗಿಸಿ ಹುಡುಕಿದೆ.

ನಾನು: ಕಾನೂನು ಇದನ್ನು ಒಪ್ಪುತ್ತದೆಯೇ?

ಗಡಿಯಾರ: ಎಲ್ಲಿ ಒಪ್ಪುತ್ತೆ! 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟಿಗೆ ಜಾರಿ ನಿರ್ದೇಶನಾಲಯದ ಕೇಸೊಂದು ಹೋಗಿತ್ತು. ಒಬ್ಬರನ್ನು ವಿಮಾನ ನಿಲ್ದಾಣದಲ್ಲೇ ವಶಕ್ಕೆ ತೆಗೆದುಕೊಂಡು, ಬಂಧನದ ಕಾಗದವನ್ನು ಎಷ್ಟೋ ಹೊತ್ತಿನ ಮೇಲೆ ಬರೆದಿದ್ದರು. ಕಾಗದದ ಲೆಕ್ಕ ಬೇಡ, ಹಿಡಿದಿಟ್ಟುಕೊಂಡ ಹೊತ್ತಿನಿಂದ ಎಣಿಸಿ, 24 ಗಂಟೆ ದಾಟಿದೆ, ಬಂಧನವೇ ಅಕ್ರಮ ಅಂದಿತು ಕೋರ್ಟು. ಅವತ್ತು ಒಂದು ಗಂಟೆ ಜಾಸ್ತಿ ಹೊಡೆಯೋಣ ಅನ್ನಿಸಿತ್ತು ನನಗೆ. ಏನು ಮಾಡಲಿ, ಬ್ಯಾಟರಿ ಗಡಿಯಾರ.

ನಾನು: ಕೋರ್ಟು ದೂರ ಇದ್ದರೆ?

ಗಡಿಯಾರ: ಪ್ರಯಾಣದ ಹೊತ್ತು ಬಿಟ್ಟು ಲೆಕ್ಕ. ಭಾನುವಾರ, ಹಬ್ಬ ಅಂತೆಲ್ಲ ಬಿಡುವಿಲ್ಲ. ನ್ಯಾಯಾಧೀಶರ ಮನೆಗೇ ಕರೆದೊಯ್ಯಬೇಕು. ಆದರೆ ಶನಿವಾರ ಸಂಜೆ ಹಿಡಿಯುವುದರಲ್ಲಿ ಒಂದು ಕಲೆ ಇದೆ. ಮನೆ ಬಾಗಿಲಲ್ಲಿ ರಿಮ್ಯಾಂಡ್ ಆಗಿಬಿಡುತ್ತೆ, ಜಾಮೀನು ಅರ್ಜಿ ಮಾತ್ರ ಸೋಮವಾರ ಕೋರ್ಟು ತೆರೆಯುವುದನ್ನು ಕಾಯುತ್ತೆ.

(ಇಷ್ಟರಲ್ಲಿ ಪಾರಾ ಕಾನ್‌ಸ್ಟೆಬಲ್ ಇಣುಕಿ, “ಏನ್ರೀ, ಗೋಡೆ ಜೊತೆ ಮಾತಾಡ್ತಿದೀರಾ? ಕೂತ್ಕೊಳ್ಳಿ, ಸಾಹೇಬ್ರು ಬರ್ತಾರೆ” ಎಂದರು. ಕೂತೆ. ಗಡಿಯಾರ ಕಿಸಕ್ಕನೆ ನಕ್ಕಿತು: “4.10. ನೆನಪಿಟ್ಟುಕೊಳ್ಳಿ.”)

ನಾನು: ಬಂಧನ ಅಂತ ಒಪ್ಪಿಕೊಂಡ ಮೇಲೆ ಏನೇನು ಕೊಡಬೇಕು?

ಗಡಿಯಾರ: ಮೆಮೊ. ಅದರಲ್ಲಿ ಹೊತ್ತು, ತಾರೀಖು. ಮನೆಯವರೊಬ್ಬರೋ ಊರಿನ ಮರ್ಯಾದಸ್ಥರೊಬ್ಬರೋ ಸಾಕ್ಷಿ, ಜೊತೆಗೆ ಬಂಧಿತನ ಸಹಿ. ಇದಕ್ಕೆ ಹಳೆಯ ಕಥೆ ಇದೆ. ಕಾನೂನು ನೆರವು ಸಂಸ್ಥೆಯೊಂದರ ಡಿ.ಕೆ. ಬಸು ಎಂಬವರು ಲಾಕಪ್ ಸಾವುಗಳ ಬಗ್ಗೆ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗೆ ಕಾಗದ ಬರೆದರು. ತೀರ್ಪು ಬಂದದ್ದು 1996ರ ಡಿಸೆಂಬರಿನಲ್ಲಿ. ಕಾಗದಕ್ಕೆ ಉತ್ತರ ಹತ್ತು ವರ್ಷಕ್ಕೆ ಬಂದರೂ ಗಟ್ಟಿಯಾಗಿಯೇ ಬಂತು: ಹನ್ನೊಂದು ಕಟ್ಟಳೆ. ಈಗ ಅವುಗಳಲ್ಲಿ ಹೆಚ್ಚಿನವು 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಒಳಗೇ ಇವೆ. ಯಾಕೆ ಹಿಡಿದೆವು ಅಂತ ತಿಳಿಸಬೇಕು. ಅದೂ ಬರವಣಿಗೆಯಲ್ಲಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ ಅಂತ ಸುಪ್ರೀಂ ಕೋರ್ಟು 2025ರಲ್ಲಿ ಹೇಳಿತು.

ನಾನು: ಇಲ್ಲಿ ಹಾಗೆ ಕೊಡುತ್ತಾರಾ?

ಗಡಿಯಾರ: ‘ಮಾಡಿದ್ದು ನಿಂಗೇ ಗೊತ್ತಲ್ಲ’ ಅಂತ ಕೊಡುತ್ತಾರೆ. ಅರ್ಥವಾಗುವ ಭಾಷೆಯಲ್ಲೇ.

ನಾನು: ವಕೀಲರು?

ಗಡಿಯಾರ: ವಿಚಾರಣೆ ವೇಳೆ ನೋಡಬಹುದು, ಇಡೀ ಹೊತ್ತು ಪಕ್ಕದಲ್ಲೇ ಕೂರುವಂತಿಲ್ಲ. ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಿದರೆ ಕಾನೂನು ಸೇವಾ ಪ್ರಾಧಿಕಾರ. ಕಸ್ಟಡಿಯಲ್ಲಿರುವವನ ಆದಾಯ ಎಷ್ಟು ಅಂತ ಅವರು ಕೇಳುವುದಿಲ್ಲ, ವಕೀಲರು ಉಚಿತ. ಆ ನಂಬರ್ ಬೋರ್ಡಿನಲ್ಲಿದೆ. ಬೋರ್ಡು ಬೀರುವಿನ ಹಿಂದಿದೆ. ಮನೆಯವರಿಗೆ ಸುದ್ದಿ ಮುಟ್ಟಿಸುವುದು, ಡಾಕ್ಟರಿಂದ ತಪಾಸಣೆ, ಇವೆಲ್ಲ ಕಡ್ಡಾಯ. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ಹಿಡಿಯುವಂತಿಲ್ಲ; ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿ, ಮ್ಯಾಜಿಸ್ಟ್ರೇಟರ ಮುಂಗಡ ಅನುಮತಿ ಎರಡೂ ಬೇಕು.

ನಾನು: ಎಲ್ಲ ಕೇಸಿಗೂ ಹಿಡಿದು ತರಲೇಬೇಕಾ?

ಗಡಿಯಾರ: ಏಳು ವರ್ಷದವರೆಗಿನ ಶಿಕ್ಷೆಯ ಕೇಸಾದರೆ ಮೊದಲು ಹಿಡಿಯುವ ಅಗತ್ಯ ಇದೆಯಾ ಅಂತ ಯೋಚಿಸಬೇಕು, ಇಲ್ಲದಿದ್ದರೆ ನೋಟಿಸ್ ಕೊಟ್ಟು ಕರೆಸಬೇಕು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು. ನೋಟಿಸ್ ಬಂದರೆ ಹೋಗದೆ ಕೂರಬೇಡಿ, ಆಗ ಹಿಡಿಯುವುದಕ್ಕೆ ಕಾರಣವನ್ನು ನೀವೇ ಕೊಟ್ಟಂತೆ.

ನಾನು: ಮೂಲೆಯಲ್ಲಿರುವ ಕ್ಯಾಮೆರಾ ನಿಮ್ಮ ಸಹೋದ್ಯೋಗಿಯಾ?

ಗಡಿಯಾರ: ಕಿರಿಯ. 2020ರಲ್ಲಿ ಸುಪ್ರೀಂ ಕೋರ್ಟು ಎಲ್ಲ ಠಾಣೆಗೂ ಹಾಕಿ ಅಂದಿತು, ರಾತ್ರಿಯೂ ಕಾಣಬೇಕು, ಮಾತೂ ಕೇಳಬೇಕು ಅಂತ. ಒಳ್ಳೆಯ ಹುಡುಗ, ಆದರೆ ಯಾರಿಗಾದರೂ ಏಟು ಬಿದ್ದ ದಿನವೇ ಇವನಿಗೆ ಕಣ್ಣುನೋವು.

ನಾನು: ಏಟು ತಿಂದು ‘ನಾನೇ ಮಾಡಿದೆ’ ಅಂದುಬಿಟ್ಟರೆ?

ಗಡಿಯಾರ: ‘ತಪ್ಪೊಪ್ಪಿಕೊಂಡಿದ್ದಾನೆ’ ಅಂತ ಮಾರನೆಯ ದಿನದ ಪೇಪರಿನಲ್ಲಿ ಬರುತ್ತೆ. ಪೇಪರಿಗಷ್ಟೇ ಅದು ಸಾಕ್ಷಿ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ ಅನ್ನುವುದು 1872ರಿಂದ ಇರುವ ಕಾನೂನು. ಬ್ರಿಟಿಷರಿಗೂ ತಮ್ಮ ಪೊಲೀಸರ ಮೇಲೆ ಅಷ್ಟೇ ನಂಬಿಕೆ! ಆದರೆ ಆ ಮಾತಿನಿಂದ ಕತ್ತಿಯೋ ಒಡವೆಯೋ ಸಿಕ್ಕಿತು ಅನ್ನಿ, ಅಷ್ಟು ಭಾಗ ಸಾಕ್ಷ್ಯವಾಗುತ್ತೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ, ಸುಮ್ಮನಿರಬಹುದು. ಖಾಲಿ ಹಾಳೆಗೆ ಸಹಿ ಹಾಕುವುದಂತೂ ಬೇಡವೇ ಬೇಡ.

ನಾನು: ಬ್ರಷ್ ಹುಡುಗನ ಗತಿ?

ಗಡಿಯಾರ: ಕೋರ್ಟಿಗೆ ಹೋಗಿಬಂದ ಕಾನ್‌ಸ್ಟೆಬಲ್ ಹೇಳಿದ್ದು ಕೇಳಿಸಿಕೊಂಡೆ. ನ್ಯಾಯಾಧೀಶರು ‘ಪೊಲೀಸರಿಂದ ಏನಾದರೂ ತೊಂದರೆ ಆಯಿತಾ?’ ಅಂತ ಕೇಳಿದರಂತೆ. ಕೇಳಿಯೇ ಕೇಳುತ್ತಾರೆ. ಹುಡುಗ ಪಕ್ಕದಲ್ಲಿ ಕೈ ಹಿಡಿದು ನಿಂತವರ ಮುಖ ನೋಡಿ ‘ಇಲ್ಲ ಸ್ವಾಮಿ’ ಅಂದನಂತೆ. ಅಲ್ಲಿಗೆ ನನ್ನ ಹನ್ನೆರಡು ಗಂಟೆ ಮಣ್ಣುಪಾಲು. ‘ಬೆಳಿಗ್ಗೆ ಆರೂವರೆಗೆ ಮನೆಯಿಂದ ಕರೆತಂದರು’ ಅಂತ ಒಂದು ಮಾತು ಅಂದಿದ್ದರೆ ಆರ್ಡರ್ ಶೀಟಿನಲ್ಲಿ ಕೂರುತ್ತಿತ್ತು. ಅವನ ಅಮ್ಮ ಅವತ್ತು ಏಳು ಗಂಟೆಗೇ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಮೊಬೈಲ್ ಇತ್ತು. 112ಕ್ಕೆ ಒಂದು ಕರೆ, ಎಸ್ಪಿ ಆಫೀಸಿಗೆ ಒಂದು ಮೆಸೇಜು ಹೋಗಿದ್ದರೂ ಅದರ ಮೇಲೆ ಹೊತ್ತು ಬೀಳುತ್ತಿತ್ತಲ್ಲ. ಆ ಹೊತ್ತನ್ನು ಯಾವ ರೈಟರೂ ತಿದ್ದಲಾರ.

ನಾನು: ರಿಮ್ಯಾಂಡ್ ಆದ ಮೇಲೆ ಎಷ್ಟು ದಿನ?

ಗಡಿಯಾರ: ದಿನದ ಲೆಕ್ಕ ನನ್ನ ಡಿಪಾರ್ಟ್‌ಮೆಂಟ್ ಅಲ್ಲ, ಪಕ್ಕದ ಕ್ಯಾಲೆಂಡರಿಂದು. ಕೇಳಿಸಿಕೊಂಡಷ್ಟು ಹೇಳುತ್ತೇನೆ. ಪೊಲೀಸ್ ಕಸ್ಟಡಿ ಒಟ್ಟು 15 ದಿನ. ಹೊಸ ಸುರಕ್ಷಾ ಸಂಹಿತೆಯಲ್ಲಿ ಅದನ್ನು ಬಿಡಿಬಿಡಿಯಾಗಿ, ಮೊದಲ 40 ಇಲ್ಲವೆ 60 ದಿನದೊಳಗೆ ಕೇಳಬಹುದು. ಚಾರ್ಜ್‌ಶೀಟಿಗೆ ಗಡುವು 60 ದಿನ, ದೊಡ್ಡ ಕೇಸಾದರೆ 90. ದಾಟಿದರೆ ಜಾಮೀನು ಹಕ್ಕು. ಆದರೆ ಅದು ಮನೆಗೆ ಹುಡುಕಿಕೊಂಡು ಬರುವುದಿಲ್ಲ. ಗಡುವು ಮುಗಿದ ಮಾರನೆ ಬೆಳಿಗ್ಗೆಯೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದು ಬಿತ್ತೋ, ಹಕ್ಕು ಹೋಯಿತು. ಮಿಕ್ಕದ್ದು ಆ ಕ್ಯಾಲೆಂಡರನ್ನೇ ಕೇಳಿ.

ಕ್ಯಾಲೆಂಡರಿನತ್ತ ತಿರುಗಿದೆ. ಎರಡು ತಿಂಗಳಿಂದ ಯಾರೂ ಹಾಳೆ ಮಗುಚಿರಲಿಲ್ಲ.