ಪ್ರತಿಪಕ್ಷ-ಮಹಾನಾಯಕ-ನಿಗ್ರಹ-ಮೀಮಾಂಸೆ: ಒಂದು ಸೈದ್ಧಾಂತಿಕ ಚೌಕಟ್ಟಿನ ಕಡೆಗೆ

ಪೀಠಿಕೆ

ಎದುರಾಳಿಯ ಮಹಾನಾಯಕನನ್ನೂ ಅವನ ಮೈಮೇಲಿರುವ ಮಾಂತ್ರಿಕ ವಸ್ತುಗಳನ್ನೂ ಮುಖಾಮುಖಿಯಾಗುವ ಪ್ರಕ್ರಿಯೆಯನ್ನು ಕಿರುಗೊಂಬೆ-ಸಮರ-ಸಂಕಥನದ ಹಿನ್ನೆಲೆಯಲ್ಲಿ, ಬಹುಶಿಸ್ತೀಯ ನೆಲೆಯಲ್ಲಿ ನಿಂತು ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಸರಳವಾಗಿ ಹೇಳಿದರೆ ಪ್ರಬಂಧ ಎನಿಸುವುದಿಲ್ಲ, ಆದರೂ ಒಮ್ಮೆ ಹೇಳಿಬಿಡುತ್ತೇನೆ: ಆರಡಿ ಉದ್ದ, ನಾಲ್ಕಡಿ ಅಗಲದ ಮೇಜು. ಎರಡು ಕಡೆ ಹೆಬ್ಬೆರಳೆತ್ತರದ ಸೈನ್ಯ. ಆ ಕಡೆ ಒಬ್ಬನಿದ್ದಾನೆ. ಅವನಿಗೆ ಏನು ಮಾಡಿದರೂ ಏನೂ ಆಗುವುದಿಲ್ಲ. ಈಗೇನು ಮಾಡುವುದು?

ಅಧ್ಯಯನದ ವ್ಯಾಪ್ತಿ: ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯ ‘ವಾರ್‌ಹ್ಯಾಮರ್ ಫ್ಯಾಂಟಸಿ ಬ್ಯಾಟಲ್’, 1983ರಲ್ಲಿ ಅದು ಹುಟ್ಟಿದಂದಿನಿಂದ 2015ರಲ್ಲಿ ಹೆತ್ತವರೇ ಅದಕ್ಕೆ ಎಳ್ಳುನೀರು ಬಿಟ್ಟ ತನಕ. ಅಧ್ಯಯನದ ಮಿತಿ: ಲೇಖಕನ ತಾಳ್ಮೆ. ಆಕರಗಳು: ನಿಯಮಪುಸ್ತಕಗಳು, ಜೊತೆಗೆ, ಆ ಪುಸ್ತಕಗಳನ್ನು ಅರೆದು ಕುಡಿದು ಬಂದು, ಸೋತು ಕೂತವನ ಹೆಗಲ ಮೇಲೆ ಕೈಯಿಟ್ಟು ಬುದ್ಧಿ ಹೇಳುವ ಮಹನೀಯರ ಮೌಖಿಕ ಪರಂಪರೆ. ಇವರನ್ನು ಮುಂದೆ ‘ಪಂಡಿತರು’ ಎಂದು ಕರೆಯಲಾಗಿದೆ. ಪ್ರಬಂಧದ ಶೈಲಿಯೂ ಅವರದೇ ಕೊಡುಗೆ.

ಪೂರ್ವಸೂರಿಗಳ ಸಮೀಕ್ಷೆ

ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಬರೆದಾಗ ನೆಲದ ಮೇಲೆ ಇದ್ದದ್ದು ಆಟಿಕೆ ಸಿಪಾಯಿಗಳು ಮತ್ತು ಸ್ಪ್ರಿಂಗಿನ ತೋಪು. ಕಾಲಾಳು, ಕುದುರೆ ಸವಾರ, ತೋಪು, ಇಷ್ಟೇ ಜಾತಿ. ತೋಪಿನ ಕಡ್ಡಿ ತಾಗಿ ಬಿದ್ದವನು ಸತ್ತ. ಅವನ ಕಿಸೆಯಲ್ಲಿ ತಾಯಿತವಿತ್ತೇ ಎಂದು ಯಾರೂ ಕೇಳುತ್ತಿರಲಿಲ್ಲ. ಪಂಡಿತರ ಪರಿಭಾಷೆಯಲ್ಲಿ ಇದು ‘ಪ್ರಾಕ್-ನಾಯಕ ಯುಗ’.

1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ತಂದರು. ಅದರ ಫ್ಯಾಂಟಸಿ ಅನುಬಂಧದಲ್ಲಿ ಹೀರೋ ಎಂದರೆ ನಾಲ್ಕು ಆಳಿಗೆ ಸಮ, ಸೂಪರ್‌ಹೀರೋ ಎಂದರೆ ಎಂಟು ಆಳಿಗೆ. ಹೀರೋ ಸಾಯಬೇಕಾದರೆ ನಾಲ್ಕು ಮಾರಣಾಂತಿಕ ಏಟು ಒಟ್ಟಿಗೇ ಬೀಳಬೇಕು. ನನಗೆ ಈ ಲೆಕ್ಕದ ಮೇಲೆ ಗೌರವವಿದೆ. ನಾಲ್ಕು ಅಂದರೆ ನಾಲ್ಕು. ಐದನೆಯವನು ಬಂದರೆ ಹೀರೋಗೂ ಬೆವರುತ್ತದೆ.

ಆಮೇಲೆ ಹಣದುಬ್ಬರ ಬಂತು. ವಾರ್‌ಹ್ಯಾಮರಿನ ನಾಲ್ಕನೆಯ (1992) ಮತ್ತು ಐದನೆಯ (1996) ಆವೃತ್ತಿಗಳಲ್ಲಿ ಸೈನ್ಯ ಕಟ್ಟಲು ಸಿಗುವ ಪಾಯಿಂಟುಗಳಲ್ಲಿ ಅರ್ಧದಷ್ಟನ್ನು ನಾಯಕರ ಮೇಲೆ ಸುರಿಯಬಹುದಿತ್ತು. ಎರಡು ಸಾವಿರ ಪಾಯಿಂಟಿನ ಆಟದಲ್ಲಿ ಸಾವಿರ ಪಾಯಿಂಟು ಡ್ರ್ಯಾಗನ್ ಏರಿದ ಒಬ್ಬ ಮಹಾಶಯ ಮತ್ತವನ ಬಂಧುಗಳಿಗೆ. ಒಟ್ಟಿನ ಕಾಲು ಭಾಗವಾದರೂ ಸಾಮಾನ್ಯ ಪಡೆ ಇರಲೇಬೇಕೆಂಬ ನಿಯಮ ಇತ್ತು. ಸಭೆಯ ಮುಂದಿನ ಸಾಲಿನಲ್ಲಿ ಗಣ್ಯರು ಕೂರಬೇಕಾದರೆ ಹಿಂದೆ ಜನ ಬೇಕಲ್ಲ, ಅದಕ್ಕೆ. ಆಟಗಾರರು ಈ ಕಾಲಕ್ಕೆ ‘ಹೀರೋಹ್ಯಾಮರ್’ ಎಂದು ಅಡ್ಡಹೆಸರಿಟ್ಟರು. 2000ದಲ್ಲಿ ಬಂದ ಆರನೆಯ ಆವೃತ್ತಿ ಲಗಾಮು ಹಾಕಿತು: ಎರಡು ಸಾವಿರಕ್ಕೆ ನಾಲ್ಕೇ ನಾಯಕರು, ಅದರಲ್ಲಿ ಪ್ರಭು ದರ್ಜೆಯವನು ಒಬ್ಬನೇ. ಲಗಾಮು ಹಾಕಿದ ಮೇಲೆ ಕುದುರೆ ಒದೆಯುವುದನ್ನು ಬಿಟ್ಟಿತೆಂದು ಯಾರೂ ಹೇಳಿಲ್ಲ.

ನಾಯಕಭೇದ

ನಾಟ್ಯಶಾಸ್ತ್ರದ ನಾಲ್ಕು ಬಗೆಯ ನಾಯಕರನ್ನು ಈ ಮೇಜಿಗೆ ಅನ್ವಯಿಸುವ ಪ್ರಯತ್ನ ಇದುವರೆಗೆ ನಡೆದಿಲ್ಲ. ಯಾಕೆ ನಡೆದಿಲ್ಲ ಎಂಬುದು ಸದ್ಯದಲ್ಲೇ ಗೊತ್ತಾಗುತ್ತದೆ.

ಧೀರೋದಾತ್ತ: ಸಾಮ್ರಾಟ ಕಾರ್ಲ್ ಫ್ರಾಂಜ್. ಗ್ರಿಫನ್ ವಾಹನ, ಕೈಯಲ್ಲಿ ಘಾಲ್ ಮರಾಜ್ ಎಂಬ ಸುತ್ತಿಗೆ. ಕ್ಷಮಾವಂತ, ಗಂಭೀರ, ದೃಢವ್ರತ. ಹೊಡೆಸಿಕೊಂಡವನು ಮಾತ್ರ ಏಳುವುದಿಲ್ಲ.

ಧೀರಪ್ರಶಾಂತ: ಎಲ್ಫ್ ಮಾಂತ್ರಿಕ ಟೆಕ್ಲಿಸ್. ದುರ್ಬಲ ದೇಹ, ಔಷಧ ಕುಡಿದುಕೊಂಡೇ ಬದುಕಬೇಕಾದವನು. ಹಿಂದಿನ ಸಾಲಿನಲ್ಲಿ ಶಾಂತವಾಗಿ ನಿಂತಿರುತ್ತಾನೆ. ಇಲ್ಲಿಂದ ಕೈ ಎತ್ತಿದರೆ ಅಲ್ಲಿ ಇಡೀ ಪಡೆ ಬೂದಿ.

ಧೀರಲಲಿತ: ವ್ಯಾಂಪೈರ್ ಪ್ರಭುಗಳು. ಮಖಮಲ್ಲಿನ ಅಂಗಿ, ಸಂಗೀತದ ರುಚಿ, ರಕ್ತದ ರುಚಿ.

ಧೀರೋದ್ಧತ: ಆರ್ಕಿಯಾನ್, ಮಲೆಕಿತ್, ಬ್ಲಡ್‌ಥರ್ಸ್ಟರ್... ಮಾತ್ಸರ್ಯ, ದರ್ಪ, ಮಾಯೆ, ವಿಕತ್ಥನ. ಇವರಲ್ಲಿ ಸಪಕ್ಷ ಮತ್ತು ಅಪಕ್ಷ, ಅಂದರೆ ರೆಕ್ಕೆ ಇರುವವರು, ಇಲ್ಲದವರು. ಸಪಕ್ಷರಲ್ಲಿ ಸ್ವರೆಕ್ಕೆಯವರು, ಪರರೆಕ್ಕೆಯವರು. ಪರರೆಕ್ಕೆಯವರಲ್ಲಿ ಡ್ರ್ಯಾಗನ್, ಮ್ಯಾಂಟಿಕೋರ್...

ಬಿಡಿ. ಈ ವಿಂಗಡಣೆಯಿಂದ ನನ್ನ ಒಬ್ಬ ಈಟಿಗಾರನ ಪ್ರಾಣವೂ ಉಳಿಯುವುದಿಲ್ಲ.

ವಸ್ತುಭೇದ

ತೊಂಬತ್ತರ ದಶಕದಲ್ಲಿ ಮಾಂತ್ರಿಕ ವಸ್ತುಗಳು ಕಾರ್ಡುಗಳ ರೂಪದಲ್ಲಿ ಬರುತ್ತಿದ್ದವು. ಎದುರಾಳಿ ಅವನ್ನು ಮಗುಚಿ ಇಟ್ಟುಕೊಂಡಿರುತ್ತಾನೆ. ಹೊತ್ತು ಬಂದಾಗ ಒಂದೊಂದಾಗಿ ತಿರುಗಿಸುತ್ತಾನೆ. ಜ್ಞಾನಮೀಮಾಂಸೆಯ ದೃಷ್ಟಿಯಿಂದ ಇದು ಸ್ವಾರಸ್ಯಕರ ಸ್ಥಿತಿ: ವಸ್ತುವಿನ ಅಸ್ತಿತ್ವ ನನಗೆ ತಿಳಿಯುವುದು ಅದರ ಪರಿಣಾಮದ ಮೂಲಕವೇ.

ಮೂರನ್ನು ಮಾತ್ರ ನೋಡೋಣ. ‘ಬ್ಲ್ಯಾಕ್ ಜೆಮ್ ಆಫ್ ನಾರ್’: ಧರಿಸಿದವನೂ ಅವನೆದುರಿನ ವೈರಿಯೂ ಕಾಲದಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತಾರೆ. ನಾನೂರು ಪಾಯಿಂಟಿನ ಮಹಾರಥಿಯನ್ನು ಒಬ್ಬ ಪುಡಿ ನಾಯಕ ಕಟ್ಟಿಹಾಕುವ ಉಪಾಯ. ‘ಹಾರ್ಟ್ ಆಫ್ ವೋ’: ಧರಿಸಿದವನು ಸತ್ತಾಗ ಸ್ಫೋಟ, ಕೊಂದವನ ಸುತ್ತಮುತ್ತಲೂ ಸಾವು. ಮೂರನೆಯದು ‘ವಾನ್ ಹಾರ್ಸ್ಟ್‌ಮನ್ಸ್ ಸ್ಪೆಕ್ಯುಲಮ್’, ಒಂದು ಕನ್ನಡಿ. ದ್ವಂದ್ವಯುದ್ಧದಲ್ಲಿ ಇದನ್ನು ಹಿಡಿದವನ ಬಲ ಎದುರಾಳಿಗೆ, ಎದುರಾಳಿಯ ಬಲ ಹಿಡಿದವನಿಗೆ. ಒಬ್ಬ ಗಾಬ್ಲಿನ್ ಮುಖಂಡ, ಮೂಗು ಸೋರುವವನು, ರಾಕ್ಷಸರಾಜನೆದುರು ಈ ಕನ್ನಡಿ ಎತ್ತಿ ಹಿಡಿದರೆ ರಾಕ್ಷಸರಾಜ ಗಾಬ್ಲಿನ್ ಕೈಯಲ್ಲಿ ಚಟ್ನಿ. ಇಡೀ ಆಟದಲ್ಲಿ ನನಗೆ ಮನಸಾರೆ ಇಷ್ಟವಾದ ವಸ್ತು ಇದೊಂದೇ. ಪಂಡಿತರಿಗೆ ಇದು ಸ್ವಲ್ಪವೂ ಹಿಡಿಸುವುದಿಲ್ಲ. ‘ಆಟದ ಸಮತೋಲ ಕೆಡಿಸುತ್ತದೆ’ ಎನ್ನುತ್ತಾರೆ. ರಾಕ್ಷಸರಾಜ ನನ್ನ ಮೂವತ್ತು ಜನರನ್ನು ತಿಂದಾಗ ಸಮತೋಲ ಕೆಡುವುದಿಲ್ಲ, ಗಾಬ್ಲಿನ್ ಗೆದ್ದರೆ ಮಾತ್ರ ಕೆಡುತ್ತದೆ.

ಚತುರೋಪಾಯ

ಸಾಮ. ಆಟಕ್ಕೆ ಮುಂಚೆ ಕೂತು ಮಾತಾಡಿಕೊಳ್ಳುವುದು. “ಇವತ್ತು ಡ್ರ್ಯಾಗನ್ ಬೇಡ ಮಗಾ, ಸುಮ್ನೆ ಆಡೋಣ.” “ಆಯ್ತು ಗುರು, ಡ್ರ್ಯಾಗನ್ ತಂದಿಲ್ಲ.” ಡ್ರ್ಯಾಗನ್ ತಂದಿಲ್ಲ ನಿಜ. ತಂದದ್ದು ಅದರ ಅಣ್ಣನನ್ನು.

ದಾನ. ಪಂಡಿತರಿಗೆ ಬಲು ಪ್ರಿಯವಾದ ಉಪಾಯ. ಐದು ಬೇಟೆನಾಯಿಗಳನ್ನೋ ಐವತ್ತು ಪಾಯಿಂಟಿನ ಒಂದು ಹದ್ದನ್ನೋ ಮಹಾನಾಯಕನ ದಾರಿಗೆ ಓರೆಯಾಗಿ ನಿಲ್ಲಿಸುವುದು. ಅವನು ಮೇಲೆ ಬೀಳಬೇಕಾದರೆ ಅದೇ ಓರೆಗೆ ತಿರುಗಲೇಬೇಕು. ಕೊಂದು ಮುಂದೆ ನುಗ್ಗಿದರೆ ಮುಖ ಗುಡ್ಡದ ಕಡೆಗೆ, ಬೆನ್ನು ನಮ್ಮ ಕಡೆಗೆ. ಇದನ್ನು ಘಟೋತ್ಕಚ ನ್ಯಾಯ ಎಂದು ಕರೆಯಲು ಅಡ್ಡಿಯಿಲ್ಲ. ಕರ್ಣನ ಹತ್ತಿರ ಇಂದ್ರ ಕೊಟ್ಟ ಶಕ್ತಿ ಇತ್ತು, ಒಂದೇ ಸಲ ಎಸೆಯಬಹುದಾದದ್ದು, ಅರ್ಜುನನಿಗೆಂದು ಮುಡಿಪಿಟ್ಟದ್ದು. ಕೃಷ್ಣ ಇರುಳಿನ ಯುದ್ಧಕ್ಕೆ ಘಟೋತ್ಕಚನನ್ನು ಬಿಟ್ಟ. ಶಕ್ತಿ ಖರ್ಚಾಯಿತು. ಹುಡುಗ ಸತ್ತ. ಪಾಂಡವರು ಅಳುತ್ತಿದ್ದರೆ ಕೃಷ್ಣ ಕುಣಿದ. ತಂತ್ರದ ದೃಷ್ಟಿಯಿಂದ ಕುಣಿದದ್ದು ಸರಿಯೇ. ಹಿಡಿಂಬೆಯನ್ನು ಯಾರೂ ಕೇಳಲಿಲ್ಲ.

ಭೇದ. ನಾಯಕನನ್ನು ಅವನ ಪಡೆಯಿಂದ ಬೇರ್ಪಡಿಸುವುದು. ಪುಸ್ತಕದಲ್ಲಿ ಚೆನ್ನಾಗಿದೆ.

ದಂಡ. “ತೋಪು ತಗೊಳ್ಳಿ ಸಾರ್, ಎಲ್ಲ ಸರಿಹೋಗುತ್ತೆ.” ಯಾವ ಸಮಸ್ಯೆ ಹೇಳಿದರೂ ಪಂಡಿತರ ಕೊನೆಯ ಮಾತು ಇದೇ. ತೋಪಿನ ವಿಧಿ ಹೀಗೆ: ಗುರಿಗೆ ಎಷ್ಟು ಇಂಚು ಎಂದು ಕಣ್ಣಳತೆಯಲ್ಲೇ ಹೇಳಬೇಕು (2010ರ ಎಂಟನೆಯ ಆವೃತ್ತಿಯವರೆಗೂ ಮುಂಚಿತವಾಗಿ ಟೇಪು ಹಿಡಿಯುವಂತಿರಲಿಲ್ಲ). ಆಮೇಲೆ ಫಿರಂಗಿ ದಾಳ. ಅದರ ಮುಖಗಳಲ್ಲಿ 2, 4, 6, 8, 10, ಆರನೆಯದು ಎಡವಟ್ಟು. ಬಂದಷ್ಟು ಇಂಚು ಕೂಡಿಸಿದ ಜಾಗದಲ್ಲಿ ಗುಂಡು ಬೀಳುತ್ತದೆ, ಇನ್ನೊಮ್ಮೆ ದಾಳ, ಅಷ್ಟು ದೂರ ಪುಟಿಯುತ್ತದೆ. ಎಡವಟ್ಟಿನ ಮುಖ ಬಿದ್ದರೆ ಸತ್ತವರು ನಮ್ಮ ಗೋಲಂದಾಜರೇ ಆಗಿರಬಹುದು.

ಎಲ್ಲ ಸರಿಯಾಯಿತು ಎನ್ನಿ. ಲೆಕ್ಕ ಸರಿ, ದಾಳ ಸರಿ, ಗುಂಡು ನೇರ ಮಹಾನಾಯಕನ ಎದೆಗೇ ಬಂತು. ಆಗ ಎದುರಾಳಿ ಪುಸ್ತಕ ತೆರೆಯುತ್ತಾನೆ. ನಾಯಕನ ಜೊತೆ ಐದಕ್ಕಿಂತ ಕಡಿಮೆಯಿಲ್ಲದಷ್ಟು ಸಾಮಾನ್ಯ ಸೈನಿಕರು ನಿಂತಿದ್ದರೆ ಒಂದು ದಾಳ ಉರುಳಿಸಬೇಕು. ಒಂದು ಬಿದ್ದರೆ ಗುಂಡು ನಾಯಕನಿಗೆ. ಎರಡರಿಂದ ಆರರವರೆಗೆ ಏನು ಬಿದ್ದರೂ ಪಕ್ಕದ ಸೈನಿಕ “ಸಾರ್, ನೋಡ್ಕೊಳ್ಳಿ!” ಎಂದು ಕೂಗಿ, ತಾನು ಸಾಯುತ್ತಾನೆ. ನಿಯಮದ ಹೆಸರೇ ‘ಲುಕ್ ಔಟ್, ಸರ್!’

ಈ ನಿಯಮದ ಬಗ್ಗೆ ಸೈದ್ಧಾಂತಿಕವಾಗಿ ಬರೆಯಲು ಕೂತೆ. ‘ಯಜಮಾನಿಕೆಯ ಆಂತರಿಕೀಕರಣ’, ‘ಅಂಚಿನ ದೇಹಗಳ ಬಲಿ-ಅರ್ಥಶಾಸ್ತ್ರ’ ಎಂದೆಲ್ಲ ಎರಡು ಸಾಲು ಬರೆದೂ ಬರೆದೆ. ಹೊಡೆದು ಹಾಕಿದ್ದೇನೆ. ಅವನ ಹೆಸರೇನು ಎಂದು ಯಾರಾದರೂ ಕೇಳಿದ್ದೀರಾ? ಆರರಲ್ಲಿ ಐದು ಸಲ ಸಾಯುವವನಿಗೆ ಪುಸ್ತಕದಲ್ಲಿ ಹೆಸರಿಲ್ಲ, ಕಥೆಯಿಲ್ಲ, ಖಡ್ಗಕ್ಕೊಂದು ಬಿರುದಿಲ್ಲ. ಬದುಕುವವನಿಗೆ ಎರಡು ಪುಟ ವಂಶಾವಳಿ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಪಂಡಿತರು ಅದೇ ಹೊತ್ತಿಗೆ “ನಿಮಗೆ ಇನ್ನೂ ಆಡೋಕೆ ಬರಲ್ಲ ಸಾರ್, ಕಲೀಬೇಕು” ಎನ್ನುತ್ತಾರೆ. ಇಲ್ಲ ಸ್ವಾಮಿ, ಇದನ್ನು ನಾನು ಕಲಿಯುವುದಿಲ್ಲ.

ಯಾಕೆಂದರೆ ಆ ಹೆಸರಿಲ್ಲದ ಸೈನಿಕನನ್ನು ಮಾಡಿದವನು ನಾನು. ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಅಚ್ಚಿನ ಗೆರೆಯನ್ನು ಬ್ಲೇಡಿನಲ್ಲಿ ಹೆರೆದು, ಈಟಿ ಹಿಡಿದ ಕೈ ಅಂಟಿಸಿದವನು. ಮಳೆಗಾಲದಲ್ಲಿ ಪ್ರೈಮರ್ ಸ್ಪ್ರೇ ಮಾಡಿದರೆ ತೇವಕ್ಕೆ ಬೂಷ್ಟು ಹಿಡಿದಂತೆ ಬೆಳ್ಳಗಾಗುತ್ತದೆ. ಹಾಗಾಗಿ ಬಿಸಿಲು ಬಿದ್ದ ಮಧ್ಯಾಹ್ನ ಕಾದು, ಟೆರೇಸಿನಲ್ಲಿ ಹಳೇ ಪೇಪರು ಹಾಸಿ, ಸಾಲಾಗಿ ನಿಲ್ಲಿಸಿದ್ದೆ. ಆಮೇಲೆ ಕಣ್ಣು. ಅತಿ ಸಣ್ಣ ಬ್ರಶ್ಶಿನ ತುದಿಯನ್ನು ತುಟಿಯಲ್ಲಿ ಚೂಪು ಮಾಡಿ, ಉಸಿರು ಬಿಗಿಹಿಡಿದು, ಬಿಳಿಯ ಗೆರೆಯೊಳಗೆ ಕಪ್ಪು ಚುಕ್ಕೆ. ಒಂದು ಕಣ್ಣು ನೆಟ್ಟಗೆ ಬರುತ್ತದೆ, ಇನ್ನೊಂದು ಮೆಳ್ಳೆ. ಅಳಿಸಿ ಮತ್ತೆ. ಮೆಳ್ಳೆಗಣ್ಣು ಹಾಗೇ ಉಳಿದ ಇಬ್ಬರು ಎರಡನೆಯ ಸಾಲಿನಲ್ಲಿದ್ದಾರೆ. ಅವರನ್ನು ಕಂಡರೆ ನನಗೆ ಸ್ವಲ್ಪ ಹೆಚ್ಚೇ ಮಮತೆ. ಇವರನ್ನು ಎದುರಾಳಿ ಹುಣಸೆ ಬೀಜ ಬಾಚುವಂತೆ ಅಂಗೈಯಲ್ಲಿ ಬಾಚಿ ಡಬ್ಬಿಗೆ ಹಾಕುತ್ತಾನೆ, ದಾಳ ನಿಲ್ಲುವ ಮುಂಚೆಯೇ.

ಕಂಪನಿಯೂ ಕೊನೆಗೆ ಪಂಡಿತರ ಪಕ್ಷವನ್ನೇ ಸೇರಿತು. 2014ರಲ್ಲಿ ‘ಎಂಡ್ ಟೈಮ್ಸ್’ ಎಂಬ ಪ್ರಳಯಸರಣಿ ಶುರುವಾದಾಗ ಲಗಾಮು ಬಿಚ್ಚಿದರು: ಪ್ರಭುಗಳಿಗೆ ಅರ್ಧದವರೆಗೆ, ಹೀರೋಗಳಿಗೆ ಬೇರೆಯೇ ಇನ್ನರ್ಧದವರೆಗೆ. ನಾಗಾಶ್ ಎಂಬ ಮಹಾನಾಯಕನ ಹೊಸ ಅವತಾರವೊಂದರ ಬೆಲೆಯೇ ಸಾವಿರ ಪಾಯಿಂಟು. ಮರುವರ್ಷ ಆ ಜಗತ್ತನ್ನೇ ಸ್ಫೋಟಿಸಿ ‘ಏಜ್ ಆಫ್ ಸಿಗ್ಮಾರ್’ ತಂದರು. ಊರು, ಹೊಲ, ನದಿ, ಜನ ಎಲ್ಲ ಹೋಯಿತು. ನಾಗಾಶ್ ಉಳಿದ, ಆರ್ಕಿಯಾನ್ ಉಳಿದ, ಟೆಕ್ಲಿಸ್ ಉಳಿದು ದೇವರೂ ಆದ. ಚೌಕಾಕಾರದ ಪೀಠದ ಮೇಲೆ ಭುಜಕ್ಕೆ ಭುಜ ತಾಗಿಸಿ ನಿಲ್ಲುವ ಈಟಿಗಾರರಿಗೆ ಮಾತ್ರ ಹೊಸ ಲೋಕದಲ್ಲಿ ಸಾಲೇ ಇರಲಿಲ್ಲ, ಪೀಠಗಳು ದುಂಡಗಾದವು. 2024ರಲ್ಲಿ ‘ದಿ ಓಲ್ಡ್ ವರ್ಲ್ಡ್’ ಹೆಸರಿನಲ್ಲಿ ಹಳೆಯ ಜಗತ್ತು ಅಂಗಡಿಗೆ ವಾಪಸಾಗಿದೆ, ಚೌಕ ಪೀಠ ಸಹಿತ. ಡ್ರ್ಯಾಗನ್ ಕೂಡ ವಾಪಸಾಗಿದೆ.

ಅನುಬಂಧ: ಪಂಡಿತರು ಹೇಳದ ಐದನೆಯ ಉಪಾಯ

ಸಂಖ್ಯೆ. ಆರನೆಯ ಆವೃತ್ತಿಯಲ್ಲಿ ಕೈಕೈ ಹೋರಾಟದ ಗೆಲುವು ಹೆಣ ಎಣಿಸಿದಲ್ಲಿಗೆ ಮುಗಿಯುವುದಿಲ್ಲ. ಮುಂದಿನ ಸಾಲಿನ ಹಿಂದೆ ತುಂಬಿ ನಿಂತ ಪ್ರತಿ ಸಾಲಿಗೆ ಒಂದು ಅಂಕ, ಗರಿಷ್ಠ ಮೂರು. ಬಾವುಟಕ್ಕೆ ಒಂದು. ಎದುರಿನವರಿಗಿಂತ ಹೆಚ್ಚು ಜನರಿದ್ದರೆ ಒಂದು. ಒಟ್ಟು ಐದು, ಒಬ್ಬರೂ ಕತ್ತಿ ಎತ್ತದೆ.

ಒಂದು ಭಾನುವಾರ ಎದುರಾಳಿಯ ಕೇಯಾಸ್ ಪಡೆಯ ಪ್ರಭು ಒಬ್ಬಂಟಿಯಾಗಿ, ಕಾಲ್ನಡಿಗೆಯಲ್ಲಿ, ನನ್ನ ಇಪ್ಪತ್ತೈದು ಈಟಿಗಾರರ ಮೇಲೆ ಬಿದ್ದ. ಐದು ಏಟಿನಲ್ಲಿ ನಾಲ್ಕು ಜನರನ್ನು ಕೊಂದ. ನಮ್ಮವರು ತಿರುಗಿ ಚುಚ್ಚಿದರೂ ಅವನ ರಕ್ಷಾಕವಚದ ಮೇಲೆ ಗೀರೂ ಬೀಳಲಿಲ್ಲ. ಎದುರಾಳಿ ಆಗಲೇ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡಿದ್ದ. “ತಾಳು ಮಗಾ,” ಎಂದೆ, “ನಿನ್ನದು ನಾಲ್ಕು, ನಮ್ಮದು ಐದು.” ಒಂದರಿಂದ ಸೋತಿದ್ದಾನೆ. ಅವನ ಧೈರ್ಯದ ಅಂಕ ಒಂಬತ್ತು, ಸೋತ ಒಂದನ್ನು ಕಳೆದರೆ ಎಂಟು. ಎರಡು ದಾಳದಲ್ಲಿ ಎಂಟು ಅಥವಾ ಕಡಿಮೆ ಬಿದ್ದರೆ ನಿಲ್ಲುತ್ತಾನೆ. ಒಂಬತ್ತು ಬಿತ್ತು. ಪ್ರಭು ಐದು ಇಂಚು ಓಡಿದ, ಈಟಿಗಾರರು ಏಳು ಇಂಚು ಅಟ್ಟಿಸಿಕೊಂಡು ಹೋದರು. ನಿಯಮದ ಪ್ರಕಾರ ಸಿಕ್ಕಿಬಿದ್ದವನು ಅಲ್ಲಿಗೆ ಮುಗಿದ. ಕವಚ, ತಾಯಿತ, ಮಗುಚಿಟ್ಟ ಯಾವುದೂ ಲೆಕ್ಕಕ್ಕಿಲ್ಲ.

“ಹೊಡೆದವನು ಯಾರು?” ಎಂದ ಎದುರಾಳಿ.

“ಯಾರೂ ಇಲ್ಲ. ಹಿಂದಿನ ಮೂರು ಸಾಲು, ಒಂದು ಬಾವುಟ.”

“ಅವರು ಮುಟ್ಟೇ ಇಲ್ವಲ್ಲ ಗುರು!”

“ಹೌದು, ನಿಂತಿದ್ದರು.”

ಅವನು ಒಪ್ಪಲಿಲ್ಲ. ಪುಸ್ತಕ ತರಿಸಿ, ಆ ಪುಟವನ್ನು ಎರಡು ಸಲ ಗಟ್ಟಿಯಾಗಿ ಓದಿ, ತಿದ್ದುಪಡಿ ಏನಾದರೂ ಬಂದಿದೆಯೇ ಎಂದು ಪಂಡಿತರಿಗೆ ಫೋನ್ ಹಚ್ಚಿದ.